ಸರಳ ಉಡುಪಿನ ಎರಡು ಪರಂಪರೆಗಳು: ಫ್ರಾನ್ಸ್ ಮತ್ತು ಸ್ಕ್ಯಾಂಡಿನೇವಿಯ

೧

ಉಡುಪಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ವೈಭವಕ್ಕೇ ಹೆಚ್ಚಿನ ಗಮನವನ್ನು ಕೊಟ್ಟಿದ್ದಾರೆ. ಅರಸರ ಜರತಾರಿ ನಿಲುವಂಗಿ, ರಾಣಿಯರ ರೇಷ್ಮೆ, ಗರಿ, ಮುತ್ತುಗಳು ಚಿತ್ರಪಟಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಬೊಕ್ಕಸದ ಲೆಕ್ಕಪತ್ರಗಳಲ್ಲಿಯೂ ಉಳಿದುಬಂದಿವೆ. ಸರಳವಾದ ಉಡುಪಾದರೋ ಸವೆದು, ಹರಿದು, ಕಡೆಗೆ ಚಿಂದಿಯಾಗಿ ಕಣ್ಮರೆಯಾಗುತ್ತದೆ. ಆದಕಾರಣ ಸರಳತೆಗೆ ಚರಿತ್ರೆಯೇ ಇಲ್ಲವೆಂಬ ಭಾವನೆ ವಿದ್ವಾಂಸರಲ್ಲಿಯೂ ಬೇರೂರಿದೆ. ಆಡಂಬರವನ್ನು ಕಳೆದರೆ ಉಳಿಯುವುದೇ ಸರಳತೆ. ಅದು ಎಲ್ಲ ದೇಶಕಾಲಗಳಲ್ಲಿಯೂ ಒಂದೇ ಎಂದು ನಾವು ಸುಲಭವಾಗಿ ಭಾವಿಸಿಬಿಡುತ್ತೇವೆ.

ಪ್ರಸ್ತುತ ಲೇಖನದಲ್ಲಿ ಈ ಭಾವನೆಯನ್ನು ಪರೀಕ್ಷಿಸುವುದು ನಮ್ಮ ಉದ್ದೇಶ. ಅದಕ್ಕಾಗಿ ಯುರೋಪಿನ ಎರಡು ಪ್ರದೇಶಗಳನ್ನು ಆರಿಸಿಕೊಂಡಿದ್ದೇವೆ. ಒಂದು ಫ್ರಾನ್ಸ್, ಇನ್ನೊಂದು ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳನ್ನೊಳಗೊಂಡ ಸ್ಕ್ಯಾಂಡಿನೇವಿಯ. ಫಿನ್‌ಲೆಂಡು ಭಾಷೆಯಿಂದ ಈ ಗುಂಪಿಗೆ ಸೇರಿದುದಲ್ಲವಾದರೂ ಶತಮಾನಗಳ ಕಾಲ ಸ್ವೀಡನ್ನಿನ ಆಳ್ವಿಕೆಗೆ ಒಳಪಟ್ಟಿದ್ದುದರಿಂದ ಅಗತ್ಯವಿದ್ದೆಡೆ ಅದನ್ನೂ ಪರಿಗಣಿಸಿದ್ದೇವೆ. ಈ ಎರಡು ಪ್ರದೇಶಗಳ ಉಡುಪನ್ನು ಇಂದು ಜಗತ್ತು ಒಂದೇ ಮಾತಿನಿಂದ ಹೊಗಳುತ್ತದೆ: ಮಿತವಾದ ಬಣ್ಣ, ಅಲಂಕಾರವಿಲ್ಲದ ಮೈಕಟ್ಟು, ಕಣ್ಣಿಗೆ ರಾಚದ ಅಂದ. ಹೊರನೋಟಕ್ಕೆ ಸಮಾನವಾಗಿ ತೋರುವ ಈ ಎರಡು ಸರಳತೆಗಳು ಭಿನ್ನವಾದ ಕಾರಣಗಳಿಂದ ಹುಟ್ಟಿ, ಭಿನ್ನವಾದ ಸಂಸ್ಥೆಗಳಿಂದ ಪೋಷಿತವಾಗಿ, ಭಿನ್ನವಾದ ಜನರಿಗೆ ಪ್ರಯೋಜನಕಾರಿಯಾದುವೆಂಬುದು ನಮ್ಮ ವಾದ. ಅವುಗಳ ಮೂಲಭೇದವನ್ನು ಒಂದು ಆರ್ಥಿಕ ಸಂಗತಿಯಲ್ಲಿ ಕಾಣಬಹುದು. ಫ್ರಾನ್ಸು ವಿಲಾಸವಸ್ತುಗಳನ್ನು ಮಾರುವ ದೇಶವಾಗಿದ್ದಿತು. ಉತ್ತರದ ರಾಜ್ಯಗಳು ಅವನ್ನು ಕೊಳ್ಳುವ ದೇಶಗಳಾಗಿದ್ದುವು.

೨

ಹದಿನಾಲ್ಕನೆಯ ಲೂಯಿಯ ಮಂತ್ರಿಯಾದ ಕೊಲ್ಬೆರನು ಫ್ರಾನ್ಸಿನ ಕೈಗಾರಿಕೆಗಳನ್ನು ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಡಿಸಿ ಬೆಳೆಸಿದನು. ಲಿಯೋಂ ನಗರದ ರೇಷ್ಮೆ, ಕಸೂತಿ, ಕನ್ನಡಿ, ರತ್ನಗಂಬಳಿ ಇವೆಲ್ಲವೂ ರಾಜ್ಯದ ಆದಾಯದ ಮೂಲಗಳೆಂದು ಪರಿಗಣಿತವಾದುವು. ವರ್ಸಾಯಿ ಅರಮನೆಯ ಆಸ್ಥಾನಿಕರು ತೊಟ್ಟ ಬಟ್ಟೆಯೇ ಯುರೋಪಿಗೆಲ್ಲ ಮಾದರಿಯಾಯಿತು. ಅಲ್ಲಿಯ ಆಡಂಬರವು ಅರಸನ ಪ್ರತಿಷ್ಠೆಗೂ ನೇಕಾರನ ಕೂಲಿಗೂ ಏಕಕಾಲದಲ್ಲಿ ಆಧಾರವಾಗಿದ್ದಿತು. ಇಂಥ ವ್ಯವಸ್ಥೆಯಲ್ಲಿ ಅಗ್ಗದ ಬಟ್ಟೆಯೇ ಅಪಾಯಕಾರಿ. ಭಾರತದಿಂದ ಬರುತ್ತಿದ್ದ ಅಚ್ಚಿನ ಹತ್ತಿಬಟ್ಟೆಗಳನ್ನು ೧೬೮೬ರಿಂದ ೧೭೫೯ರವರೆಗೆ ಫ್ರಾನ್ಸು ನಿಷೇಧಿಸಿದ್ದುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ನಮ್ಮ ದೇಶದ ಚೀಟಿಬಟ್ಟೆಯನ್ನು ತಡೆದುದು ಲಿಯೋಂ ಮೊದಲಾದ ಊರುಗಳ ರೇಷ್ಮೆ ಉಣ್ಣೆಗಳ ರಕ್ಷಣೆಗಾಗಿಯೇ ಹೊರತು ಅಭಿರುಚಿಯ ಕಾರಣದಿಂದಲ್ಲ.

೧೭೮೩ರಲ್ಲಿ ನಡೆದ ಒಂದು ಪ್ರಸಂಗ ಈ ವಿಷಯವನ್ನು ಸ್ಪಷ್ಟಪಡಿಸುತ್ತದೆ. ಆ ವರ್ಷ ಪ್ಯಾರಿಸ್ಸಿನ ಕಲಾಪ್ರದರ್ಶನದಲ್ಲಿ ಚಿತ್ರಕಾರ್ತಿ ವಿಜೀ ಲ ಬ್ರೂನಳು ರಾಣಿ ಮರೀ ಆಂತ್ವಾನೆತಳ ಭಾವಚಿತ್ರವೊಂದನ್ನು ಇಟ್ಟಳು. ರಾಣಿಯು ಅದರಲ್ಲಿ ಬಿಳಿಯ ಮಸ್ಲಿನ್ ಬಟ್ಟೆಯ ಸಡಿಲವಾದ ನಿಲುವಂಗಿಯನ್ನೂ ಹುಲ್ಲಿನ ಟೊಪ್ಪಿಗೆಯನ್ನೂ ಧರಿಸಿದ್ದಳು, ಮೈಮೇಲೆ ರತ್ನಾಭರಣಗಳಿರಲಿಲ್ಲ. ಈ ಸರಳತೆ ಜನರನ್ನು ಮೆಚ್ಚಿಸಲಿಲ್ಲ, ಕೆರಳಿಸಿತು. ರಾಣಿ ಒಳಉಡುಪಿನಲ್ಲಿಯೇ ಸಾರ್ವಜನಿಕರ ಮುಂದೆ ನಿಂತಿದ್ದಾಳೆಂದು ಕೆಲವರು ಆಕ್ಷೇಪಿಸಿದರು. ಲಿಯೋಂ ನಗರದ ರೇಷ್ಮೆಯನ್ನು ತೊರೆದು ಪರದೇಶದ ಬಟ್ಟೆಗೆ ಮನಸೋತಿದ್ದಾಳೆಂದು ಮತ್ತೆ ಕೆಲವರು ದೂರಿದರು. ಆ ಕಾಲದಲ್ಲಿ ಅತ್ಯಂತ ನವಿರಾದ ಮಸ್ಲಿನ್ ಯುರೋಪಿಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಬಂಗಾಲದಿಂದ. ಕಡೆಗೆ ಆ ಚಿತ್ರವನ್ನು ತೆಗೆದುಹಾಕಿ, ಅದೇ ಭಂಗಿಯಲ್ಲಿ ರೇಷ್ಮೆಯುಟ್ಟು ಗುಲಾಬಿ ಹಿಡಿದ ರಾಣಿಯ ಇನ್ನೊಂದು ಚಿತ್ರವನ್ನು ಇಡಬೇಕಾಯಿತು. ವಿಲಾಸದಿಂದ ಬದುಕುವ ದೇಶದಲ್ಲಿ ಸರಳತೆಯು ರಾಜದ್ರೋಹಕ್ಕೆ ಸಮೀಪವಾದ ಅಪರಾಧವಾಗಬಲ್ಲುದೆಂಬುದು ಇದರಿಂದ ವಿದಿತವಾಗುತ್ತದೆ.

ಆರು ವರ್ಷಗಳ ತರುವಾಯ, ೧೭೮೯ರ ಮೇ ತಿಂಗಳಲ್ಲಿ, ಮೂರು ವರ್ಗಗಳ ಮಹಾಸಭೆ ಸೇರಿದಾಗ ಪ್ರತಿನಿಧಿಗಳ ಉಡುಪನ್ನು ಆಸ್ಥಾನವೇ ಗೊತ್ತುಮಾಡಿತು. ಕುಲೀನರಿಗೆ ಚಿನ್ನದ ಅಂಚು, ಗರಿಯ ಟೊಪ್ಪಿಗೆ. ಮೂರನೆಯ ವರ್ಗದವರಿಗೆ ಸಾದಾ ಕಪ್ಪು ಬಟ್ಟೆ. ಕೀಳುತನದ ಗುರುತಾಗಿ ವಿಧಿಸಿದ ಈ ಕಪ್ಪು ಬಟ್ಟೆಯೇ ಕೆಲವು ವಾರಗಳಲ್ಲಿ ರಾಷ್ಟ್ರದ ಗೌರವದ ಚಿಹ್ನೆಯಾಗಿ ಮಾರ್ಪಟ್ಟಿತು. ೧೭೯೩ರ ಅಕ್ಟೋಬರ್ ೨೯ರಂದು ಕ್ರಾಂತಿಯ ರಾಷ್ಟ್ರಸಭೆಯು, ಯಾವ ಪ್ರಜೆಯನ್ನೂ ಇಂಥದೇ ರೀತಿಯ ಉಡುಪನ್ನು ತೊಡುವಂತೆ ಬಲಾತ್ಕರಿಸಕೂಡದೆಂದು ನಿರ್ಣಯಿಸಿತು. ಮಾರನೆಯ ದಿನವೇ ಅದೇ ಸಭೆ ಸ್ತ್ರೀಯರ ರಾಜಕೀಯ ಸಂಘಗಳನ್ನು ನಿಷೇಧಿಸಿತು. ಹಾಗಿದ್ದರೂ ಉಡುಪು ವ್ಯಕ್ತಿಯ ಸ್ವಂತ ವಿಷಯವೆಂಬ ತತ್ತ್ವ ಆ ನಿರ್ಣಯದಿಂದ ಫ್ರಾನ್ಸಿನಲ್ಲಿ ನೆಲೆಗೊಂಡಿತು. ಮುಂದೆ ಅಲ್ಲಿ ಸರಳತೆ ಕಾಣಿಸಿಕೊಂಡಾಗಲೆಲ್ಲ ಅದು ವ್ಯಕ್ತಿಯ ಅಭಿರುಚಿಯ ಮಾತಾಗಿಯೇ ಕಾಣಿಸಿಕೊಂಡಿತೆಂಬುದು ಗಮನಾರ್ಹ.

೩

ಉತ್ತರದ ಪರಿಸ್ಥಿತಿ ಬೇರೆಯಾಗಿದ್ದಿತು. ಸ್ವೀಡನ್ನಿನಲ್ಲಿ ೧೫೨೭ರಲ್ಲಿಯೂ ಡೆನ್ಮಾರ್ಕಿನಲ್ಲಿ ೧೫೩೬ರಲ್ಲಿಯೂ ಧರ್ಮಸುಧಾರಣೆ ರಾಜ್ಯದ ನೀತಿಯಾಯಿತು; ಲೂಥರನ ಪಂಥದ ಚರ್ಚು ಅರಸನ ಅಧೀನಕ್ಕೆ ಬಂದಿತು. ಧರ್ಮೋಪದೇಶಕರು ವೇಷದ ಗರ್ವವನ್ನು ಖಂಡಿಸುತ್ತಿದ್ದರು. ಆದರೆ ಸರಳತೆಯನ್ನು ಕೇವಲ ಧರ್ಮಬೋಧೆಯಿಂದ ವಿವರಿಸುವುದು ಸಮರ್ಪಕವಾಗಲಾರದು. ರೇಷ್ಮೆ, ಜರತಾರಿ, ಸೂಕ್ಷ್ಮವಾದ ಹತ್ತಿಬಟ್ಟೆ ಇವೆಲ್ಲವೂ ಆ ದೇಶಗಳಿಗೆ ಹೊರಗಿನಿಂದ ಬರಬೇಕಾಗಿದ್ದುವು. ಕಬ್ಬಿಣ, ತಾಮ್ರ, ಮರ, ಮೀನುಗಳನ್ನು ಮಾರಿ ಗಳಿಸಿದ ಹಣ ಬಟ್ಟೆಗಾಗಿ ಹೊರಗೆ ಹರಿದುಹೋಗುತ್ತಿರುವುದನ್ನು ತಡೆಯುವುದು ಅಲ್ಲಿಯ ಸರ್ಕಾರಗಳ ಚಿಂತೆಯಾಗಿದ್ದಿತು. ಸ್ವೀಡನ್ ೧೭೬೬ರಲ್ಲಿ ವಿಲಾಸನಿಯಂತ್ರಣದ ಶಾಸನವನ್ನು ಮಾಡಿತು. ಡೆನ್ಮಾರ್ಕ್–ನಾರ್ವೆಯ ಸಂಯುಕ್ತ ರಾಜ್ಯ ೧೭೮೩ರಲ್ಲಿ, ಎಂದರೆ ಪ್ಯಾರಿಸ್ಸಿನ ಆ ಚಿತ್ರದ ವಿವಾದ ನಡೆದ ವರ್ಷವೇ, ಅಂಥದೇ ಆಜ್ಞೆಯನ್ನು ಹೊರಡಿಸಿತು. ಒಂದೇ ವರ್ಷದಲ್ಲಿ ಒಂದು ದೇಶ ರೇಷ್ಮೆ ಉಡಲಿಲ್ಲವೆಂದು ರಾಣಿಯನ್ನು ನಿಂದಿಸಿತು. ಇನ್ನೊಂದು ದೇಶ ಆಡಂಬರ ಮಾಡಬಾರದೆಂದು ಪ್ರಜೆಗಳನ್ನು ಆಜ್ಞಾಪಿಸಿತು. ನಮ್ಮ ವಾದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಸ್ವೀಡನ್ನಿನ ಮೂರನೆಯ ಗುಸ್ತಾವನ ಪ್ರಯತ್ನ ಇನ್ನೂ ಸ್ವಾರಸ್ಯಕರವಾದುದು. ಈತನು ಫ್ರೆಂಚ್ ಸಂಸ್ಕೃತಿಯಲ್ಲಿ ಮುಳುಗಿದ್ದ ಅರಸ. ೧೭೭೧ರಲ್ಲಿ ತಂದೆಯ ಮರಣವಾರ್ತೆ ತಲುಪಿದಾಗ ಪ್ಯಾರಿಸ್ಸಿನಲ್ಲಿಯೇ ಇದ್ದನು. ೧೭೮೬ರಲ್ಲಿ ಫ್ರೆಂಚ್ ಅಕಾಡೆಮಿಯ ಮಾದರಿಯಲ್ಲಿ ಸ್ವೀಡಿಷ್ ಅಕಾಡೆಮಿಯನ್ನು ಸ್ಥಾಪಿಸಿದನು. ಆದರೂ ಉಡುಪಿನ ವಿಷಯದಲ್ಲಿ ಪ್ಯಾರಿಸ್ಸಿನ ಹಿಡಿತದಿಂದ ತನ್ನ ರಾಜ್ಯವನ್ನು ಬಿಡಿಸಬೇಕೆಂದು ಬಯಸಿದನು. ರಾಷ್ಟ್ರೀಯ ಉಡುಪಿನ ಪ್ರಶ್ನೆಯನ್ನು ಕುರಿತು ೧೭೭೩ರಲ್ಲಿ ಪ್ರಬಂಧಸ್ಪರ್ಧೆ ನಡೆದಿದ್ದಿತು. ೧೭೭೮ರಲ್ಲಿ ಅರಸನೇ ಪ್ರಬಂಧವೊಂದನ್ನು ಬರೆದು ಹೊಸ ಉಡುಪನ್ನು ಜಾರಿಗೆ ತಂದನು: ಗಂಡಸರಿಗೆ ಗಿಡ್ಡ ಅಂಗಿ, ಚಲ್ಲಣ, ಮೇಲುವಸ್ತ್ರ, ಹೆಂಗಸರಿಗೆ ಬಿಳಿ ತೋಳುಗಳ ಕಪ್ಪು ಉಡುಪು. ಪದೇಪದೇ ಬದಲಾಗುವ ಮಾದರಿಗಳು ಮನೆತನಗಳನ್ನು ಸಾಲಕ್ಕೆ ಗುರಿಮಾಡುತ್ತವೆ. ಬದಲಾಗದ ಉಡುಪು ವೆಚ್ಚವನ್ನು ಉಳಿಸುತ್ತದೆ ಎಂಬುದು ಇದರ ಹಿಂದಿನ ತರ್ಕ. ಇದು ಕುಲೀನರನ್ನೂ ಪಟ್ಟಣಿಗರನ್ನೂ ಉದ್ದೇಶಿಸಿದ ಏರ್ಪಾಡು, ರೈತರಿಗಾಗಿ ಮಾಡಿದುದಲ್ಲ. ಆಸ್ಥಾನದ ಹೊರಗೆ ಇದು ಬಹಳ ಕಾಲ ನಿಲ್ಲಲಿಲ್ಲ. ೧೭೯೨ರ ಮಾರ್ಚಿನಲ್ಲಿ ಮುಖವಾಡದ ನೃತ್ಯಕೂಟವೊಂದರಲ್ಲಿ ಗುಸ್ತಾವನು ಗುಂಡೇಟಿಗೆ ಗುರಿಯಾಗಿ ಕೆಲವು ದಿನಗಳಲ್ಲಿ ಮಡಿದನು. ಅಂದು ಅವನು ತೊಟ್ಟಿದ್ದ ಉಡುಪು ಸ್ಟಾಕ್‌ಹೋಮಿನ ರಾಜಾಯುಧ ಸಂಗ್ರಹಾಲಯದಲ್ಲಿ ರಕ್ಷಿತವಾಗಿದೆ.

ಗುಸ್ತಾವನ ಉಡುಪು ಸೋತಿತು. ಅವನ ವಿಚಾರ ಸೋಲಲಿಲ್ಲ. ಉಡುಪು ಸಾರ್ವಜನಿಕ ಹಿತದ ವಿಷಯ, ಅದನ್ನು ಚರ್ಚಿಸಿ ತಿದ್ದಬಹುದು, ಜಾಣತನದಿಂದ ರೂಪಿಸಿದ ಒಂದು ಮಾದರಿ ಸಮಾಜಕ್ಕೆಲ್ಲ ಒಳಿತನ್ನು ಮಾಡಬಲ್ಲುದು ಎಂಬ ನಂಬಿಕೆ ಉತ್ತರದಲ್ಲಿ ಮತ್ತೆಮತ್ತೆ ತಲೆಯೆತ್ತಿತು. ಆದರೆ ಈ ನಂಬಿಕೆಯ ಇನ್ನೊಂದು ಮುಖವನ್ನೂ ಮರೆಯಲಾಗದು. ವಿಲಾಸನಿಯಂತ್ರಣದ ಶಾಸನಗಳ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ರೈತನ ಹೆಂಡತಿ, ಮನೆಗೆಲಸದ ಹೆಣ್ಣು ತಮ್ಮ ಅಂತಸ್ತನ್ನು ಮೀರಿ ರೇಷ್ಮೆಯ ರಿಬ್ಬನ್ನು ಕಟ್ಟಿಕೊಂಡಾರೆಂಬ ಭಯ ಆ ಶಾಸನಗಳಲ್ಲಿ ಅಡಗಿದೆ. ಸರಳತೆಯು ಸಮಾನತೆಯ ಗುರುತಾಗುವುದಕ್ಕೆ ಮೊದಲು ಅಸಮಾನತೆಯನ್ನು ಕಾಪಾಡುವ ಬೇಲಿಯಾಗಿದ್ದಿತು.

೪

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಆಸ್ಥಾನದ ಸ್ಥಾನವನ್ನು ದರ್ಜಿಯ ಸಂಸ್ಥೆ ಆಕ್ರಮಿಸಿತು. ೧೮೫೮ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ಮಳಿಗೆಯನ್ನು ತೆರೆದ ವರ್ತ್ ಎಂಬಾತ ಇಂಗ್ಲೆಂಡಿನಿಂದ ಬಂದವನು. ೧೮೬೮ರಲ್ಲಿ ಈ ಉದ್ಯಮದವರು ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡರು. ಉಡುಪನ್ನು ರೂಪಿಸುವವನು ಕಲಾವಿದನೆಂದೂ ಅವನ ಹೆಸರೇ ಬಟ್ಟೆಯ ಬೆಲೆಯೆಂದೂ ಆದುದು ಈ ಕಾಲದಲ್ಲಿ.

ಈ ವ್ಯವಸ್ಥೆಯೊಳಗಿನಿಂದಲೇ ಆಧುನಿಕ ಫ್ರೆಂಚ್ ಸರಳತೆ ಹುಟ್ಟಿತು. ೧೮೮೩ರಲ್ಲಿ ಬಡಕುಟುಂಬದಲ್ಲಿ ಜನಿಸಿ, ತಾಯಿಯನ್ನು ಕಳೆದುಕೊಂಡು, ಕ್ರೈಸ್ತ ಸನ್ಯಾಸಿನಿಯರ ಅನಾಥಾಲಯದಲ್ಲಿ ಬೆಳೆದ ಗಾಬ್ರಿಯೆಲ್ ಶನೆಲ್ ೧೯೧೦ರಲ್ಲಿ ಪ್ಯಾರಿಸ್ಸಿನ ಕಾಂಬೋಂ ಬೀದಿಯಲ್ಲಿ ಟೊಪ್ಪಿಗೆಯ ಅಂಗಡಿಯನ್ನು ತೆರೆದಳು. ಮೊದಲನೆಯ ಮಹಾಯುದ್ಧದ ಅಭಾವದ ದಿನಗಳಲ್ಲಿ, ಅದುವರೆಗೆ ಒಳಉಡುಪಿಗೆ ಬಳಕೆಯಾಗುತ್ತಿದ್ದ ಜರ್ಸಿ ಎಂಬ ಹೆಣೆದ ಬಟ್ಟೆಯಿಂದ ಮೇಲುಡುಪುಗಳನ್ನು ಹೊಲಿಸಿದಳು. ೧೯೨೬ರಲ್ಲಿ ಅಮೆರಿಕದ ವೋಗ್ ಪತ್ರಿಕೆ ಅವಳ ಸಾದಾ ಕಪ್ಪು ಉಡುಪಿನ ಚಿತ್ರವನ್ನು ಪ್ರಕಟಿಸಿ ಅದನ್ನು ಫೋರ್ಡ್ ಕಾರಿಗೆ ಹೋಲಿಸಿತು. ಈ ಹೋಲಿಕೆಯನ್ನು ಎಚ್ಚರಿಕೆಯಿಂದ ಪರಿಶೀಲಿಸಬೇಕು. ಫೋರ್ಡ್ ಕಾರು ಅಗ್ಗವಾದುದರಿಂದ ಎಲ್ಲರಿಗೂ ಎಟುಕಿತು. ಶನೆಲಳ ಉಡುಪು ಅಗ್ಗವಾಗಿರಲಿಲ್ಲ. ಎಲ್ಲರಿಗೂ ಎಟುಕಿದುದು ಅದರ ನಕಲು ಮಾತ್ರ.

೧೯೩೯ರಲ್ಲಿ ಉಡುಪಿನ ಕೆಲಸವನ್ನು ನಿಲ್ಲಿಸಿದ್ದ ಶನೆಲ್ ೧೯೫೪ರಲ್ಲಿ ಮರಳಿ ಬಂದು ರೂಪಿಸಿದ ಉಣ್ಣೆಯ ಕೋಟು ಫ್ರೆಂಚ್ ಸರಳತೆಯ ಸ್ವರೂಪವನ್ನು ತಿಳಿಯಲು ಉತ್ತಮವಾದ ಆಧಾರ. ಹೊರಗಿನಿಂದ ನೋಡಿದರೆ ಅದು ಕಾಲರಿಲ್ಲದ ನೇರವಾದ ಅಂಗಿ. ಒಳಗೆ ರೇಷ್ಮೆಯ ಅಸ್ತರನ್ನು ಹೊರಬಟ್ಟೆಗೆ ಸಾಲುಸಾಲಾಗಿ ಸೇರಿಸಿ ಹೊಲಿದಿರುತ್ತದೆ; ಕೋಟು ನೆಟ್ಟಗೆ ಇಳಿಬೀಳಲೆಂದು ಕೆಳಗಿನ ಅಂಚಿನಲ್ಲಿ ತೆಳುವಾದ ಲೋಹದ ಸರಪಳಿಯನ್ನು ಇಟ್ಟಿರುತ್ತದೆ. ನುರಿತ ಕೈಗಳು ಬಹಳ ಹೊತ್ತು ಮಾಡಿದ ಕೆಲಸ ಒಂದೂ ಕಣ್ಣಿಗೆ ಬೀಳದು. ೧೯೧೨ರಲ್ಲಿ ಸಂಸ್ಥೆಯನ್ನು ತೆರೆದು, ಬಟ್ಟೆಯನ್ನು ಓರೆಯಾಗಿ ಕತ್ತರಿಸುವ ಕ್ರಮಕ್ಕೆ ಹೆಸರಾದ ಮಾದ್ಲೆನ್ ವಿಯೊನ್ನೆಯ ಉಡುಪುಗಳೂ ಇದೇ ಜಾತಿಯವು. ಮೈಮೇಲೆ ನೀರಿನಂತೆ ಇಳಿಯುವ ಆ ಬಟ್ಟೆಯ ಹಿಂದೆ ಕಠಿಣವಾದ ಲೆಕ್ಕಾಚಾರವಿದೆ. ಫ್ರೆಂಚ್ ಸರಳತೆಯು ಶ್ರಮವನ್ನು ಕಡಮೆಮಾಡಿದುದಲ್ಲ, ಶ್ರಮವನ್ನು ಮರೆಮಾಡಿದುದು. ವಿಲಾಸವನ್ನು ಮಾರುವ ದೇಶ ಸರಳತೆಯನ್ನು ಸ್ವೀಕರಿಸಿದಾಗ ಅದನ್ನೂ ವಿಲಾಸವಸ್ತುವನ್ನಾಗಿಯೇ ಮಾರ್ಪಡಿಸಿತು. ಅದನ್ನು ಗುರುತಿಸಬಲ್ಲವರು ಬಲ್ಲವರು ಮಾತ್ರ. ಆ ಬಲ್ಲತನವೇ ಹೊಸ ಅಂತಸ್ತಾಯಿತು.

೫

ಇದೇ ಅವಧಿಯಲ್ಲಿ ಉತ್ತರದ ಸರಳತೆ ಸಂಘಸಂಸ್ಥೆಗಳ ಮೂಲಕ ಬೆಳೆಯಿತು. ೧೮೮೬ರಲ್ಲಿ ಸ್ವೀಡನ್ನಿನಲ್ಲಿ ಉಡುಪು ಸುಧಾರಣಾ ಸಂಘ ಸ್ಥಾಪಿತವಾಯಿತು. ನಡುವನ್ನು ಬಿಗಿಯುವ ಕಟ್ಟುಗಳೂ ಭಾರವಾದ ಲಂಗಗಳೂ ಸ್ತ್ರೀಯರ ಆರೋಗ್ಯಕ್ಕೆ ಹಾನಿಕರವೆಂಬುದು ಅದರ ವಾದ. ಚಿತ್ರಕಾರ್ತಿ ಹಾನ್ನಾ ವಿಂಗೆ ಸುಧಾರಿತ ಉಡುಪಿನ ಮಾದರಿಯನ್ನು ರಚಿಸಿದ್ದಳು. ಫ್ರಾನ್ಸಿನಲ್ಲಿ ಒಬ್ಬ ದರ್ಜಿಯ ಹೆಸರಿನಲ್ಲಿ ನಡೆದ ಬದಲಾವಣೆ ಇಲ್ಲಿ ಭಾಷಣ, ಕರಪತ್ರ, ಸದಸ್ಯತ್ವಗಳ ಮೂಲಕ ನಡೆಯಿತು.

ಲೇಖಕಿ ಎಲೆನ್ ಕೇ ೧೮೯೯ರಲ್ಲಿ ಪ್ರಕಟಿಸಿದ ‘ಎಲ್ಲರಿಗೂ ಸೌಂದರ್ಯ’ ಎಂಬರ್ಥದ ಹೆಸರಿನ ಪುಸ್ತಕದಲ್ಲಿ, ವಸ್ತುವು ತನ್ನ ಉದ್ದೇಶವನ್ನು ಚೆನ್ನಾಗಿ ನೆರವೇರಿಸಿದಾಗಲೇ ಸುಂದರವಾಗುತ್ತದೆಂದೂ ಅಂಥ ಸೌಂದರ್ಯ ಬಡವನಿಗೂ ಸಲ್ಲಬೇಕೆಂದೂ ಪ್ರತಿಪಾದಿಸಿದಳು. ೧೯೧೯ರಲ್ಲಿ ಗ್ರೆಗೊರ್ ಪೌಲ್ಸನ್ ಇದೇ ವಿಚಾರವನ್ನು ಕಾರ್ಖಾನೆಗಳ ಕಡೆಗೆ ತಿರುಗಿಸಿ, ದಿನಬಳಕೆಯ ಸರಕುಗಳು ಅಂದವಾಗಿರಬೇಕೆಂದು ಒತ್ತಾಯಿಸಿದನು. ೧೯೩೦ರ ಸ್ಟಾಕ್‌ಹೋಮ್ ಪ್ರದರ್ಶನದಲ್ಲಿ ಪೌಲ್ಸನ್ನನೂ ವಾಸ್ತುಶಿಲ್ಪಿ ಗುನ್ನಾರ್ ಆಸ್ಪ್ಲುಂಡನೂ ಈ ತತ್ತ್ವವನ್ನು ಮನೆ, ಪೀಠೋಪಕರಣ, ಪಾತ್ರೆಗಳಲ್ಲಿ ತೋರಿಸಿಕೊಟ್ಟರು. ಉಡುಪಿನ ಮೇಲೆ ಈ ಚಳವಳಿಯ ಪ್ರಭಾವ ತಡವಾಗಿ, ಆದರೆ ಗಾಢವಾಗಿ ಬಿದ್ದಿತು. ೧೯೬೬ರಲ್ಲಿ ಮೂವರು ಯುವತಿಯರು ಸ್ವೀಡನ್ನಿನಲ್ಲಿ ಸ್ಥಾಪಿಸಿದ ಮಾ–ಜೋಂಗ್ ಸಂಸ್ಥೆಯು ಆರಾಮವಾದ, ಬಹುಕಾಲ ಬಾಳುವ, ಸ್ವದೇಶದಲ್ಲಿಯೇ ಹೊಲಿದ ಉಡುಪುಗಳನ್ನು ರಾಜಕೀಯ ನಿಲುವಿನ ಅಂಗವಾಗಿಯೇ ತಯಾರಿಸಿತು. ೧೯೭೬ರಲ್ಲಿ ಅದು ಮುಚ್ಚಿತು.

ಈ ಸರಳತೆಯ ಹಿಂದೆ ಸಾಮಾಜಿಕ ಒತ್ತಡವೂ ಇದ್ದಿತೆಂಬುದನ್ನು ಅಲ್ಲಿಯವರೇ ತೋರಿಸಿಕೊಟ್ಟಿದ್ದಾರೆ. ಡೆನ್ಮಾರ್ಕಿನಲ್ಲಿ ಹುಟ್ಟಿ ನಾರ್ವೆಯಲ್ಲಿ ನೆಲೆಸಿದ ಆಕ್ಸೆಲ್ ಸಾಂಡೆಮೋಸೆ ೧೯೩೩ರ ತನ್ನ ಕಾದಂಬರಿಯೊಂದರಲ್ಲಿ ಯಾಂಟೆ ಎಂಬ ಕಲ್ಪಿತ ಊರಿನ ಅಲಿಖಿತ ಕಟ್ಟಳೆಗಳನ್ನು ಚಿತ್ರಿಸಿದನು. ಯಾರೂ ತಾನು ಇತರರಿಗಿಂತ ಮೇಲೆಂದು ತಿಳಿಯಕೂಡದೆಂಬುದು ಅವುಗಳ ತಿರುಳು. ಆತನು ಅದನ್ನು ಆದರ್ಶವೆಂದು ಹೊಗಳಲಿಲ್ಲ, ಉಸಿರುಕಟ್ಟಿಸುವ ಬಂಧನವೆಂದು ಖಂಡಿಸಿದನು. ಫ್ರಾನ್ಸಿನ ಸರಳತೆ ಕೆಲವರನ್ನು ಹೊರಗಿಡುವುದಾದರೆ ಉತ್ತರದ ಸರಳತೆ ಯಾರನ್ನೂ ಸಾಲಿನಿಂದ ಹೊರಗೆ ಹೋಗಗೊಡದು. ಎರಡಕ್ಕೂ ತಮ್ಮತಮ್ಮ ಕ್ರೌರ್ಯಗಳಿವೆ.

೬

ನಮ್ಮ ಈ ವಿಭಾಗಕ್ರಮಕ್ಕೆ ಎದುರಾಗಬಹುದಾದ ಆಕ್ಷೇಪಗಳನ್ನು ಪರಿಶೀಲಿಸುವುದು ಉಚಿತ. ಮೊದಲನೆಯದಾಗಿ, ಉತ್ತರದ ಜನರು ಪ್ಯಾರಿಸ್ಸನ್ನು ಎಂದೂ ತ್ಯಜಿಸಿರಲಿಲ್ಲ. ಸ್ಟಾಕ್‌ಹೋಮಿನ ನೂರ್ಡಿಸ್ಕಾ ಕೊಂಪಾನಿಯೆಟ್ ಎಂಬ ದೊಡ್ಡ ಮಳಿಗೆಗೆ ಸೇರಿದ ‘ಫ್ರೆಂಚ್ ಹೊಲಿಗೆ ವಿಭಾಗ’ ೧೯೦೨ರಿಂದ ೧೯೬೬ರವರೆಗೆ ಪ್ಯಾರಿಸ್ಸಿನ ಮಾದರಿಗಳನ್ನು ಅನುಸರಿಸಿ ಸಿರಿವಂತರಿಗೆ ಉಡುಪು ಹೊಲಿದುಕೊಡುತ್ತಿದ್ದಿತು. ಅದು ಮುಚ್ಚಿದ ವರ್ಷವೇ ಮಾ–ಜೋಂಗ್ ಹುಟ್ಟಿತು. ಅದೇ ೧೯೬೬ರಲ್ಲಿ ಪ್ಯಾರಿಸ್ಸಿನಲ್ಲಿ ಈವ್ ಸೇಂ ಲೊರಾಂ ಸಿದ್ಧ ಉಡುಪಿನ ಅಂಗಡಿಯನ್ನು ತೆರೆದನು. ಪ್ಯಾರಿಸ್ಸಿನಲ್ಲಿ ಪ್ರಸಿದ್ಧನಾದ ಕಲಾವಿದ ತನ್ನ ಹೆಸರನ್ನು ಕೊಂಚ ಕೆಳಗಿನ ಬೆಲೆಗೆ ಇಳಿಸಿದನು. ಸ್ವೀಡನ್ನಿನ ಯುವತಿಯರು ಹೆಸರಿನ ಮಹತ್ತ್ವವನ್ನೇ ಪ್ರಶ್ನಿಸಿದರು. ಪರಸ್ಪರ ಪ್ರಭಾವವಿದ್ದರೂ ಕಾಲದ ಒಂದೇ ಒತ್ತಡಕ್ಕೆ ಎರಡು ಪರಂಪರೆಗಳು ಕೊಟ್ಟ ಉತ್ತರಗಳು ಬೇರೆಯಾಗಿಯೇ ಇದ್ದುವು.

ಎರಡನೆಯದಾಗಿ, ಫ್ರಾನ್ಸಿನಲ್ಲಿಯೂ ಶ್ರಮಿಕರ ಸರಳ ಉಡುಪಿದ್ದಿತಲ್ಲವೇ ಎಂದು ಕೇಳಬಹುದು. ಇದ್ದಿತು. ೧೮೫೮ರ ಮಾರ್ಚ್ ೨೭ರ ಆಜ್ಞೆಯೊಂದು ಫ್ರೆಂಚ್ ನಾವಿಕರಿಗೆ ೨೧ ಬಿಳಿ ಪಟ್ಟೆಗಳ, ನಡುನಡುವೆ ನೀಲಿ ಗೆರೆಗಳ ಹೆಣೆದ ಅಂಗಿಯನ್ನು ವಿಧಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಆ ಅಂಗಿ ಸಮುದ್ರತೀರದ ವಿಹಾರಧಾಮಗಳ ಸಿರಿವಂತರ ಮೈಮೇಲೆ ಏರಿತು. ಶನೆಲಳೂ ಅದನ್ನು ತೊಟ್ಟಳು. ಇದರೊಡನೆ ಫಿನ್‌ಲೆಂಡಿನ ಮಾರಿಮೆಕ್ಕೊ ಸಂಸ್ಥೆಗಾಗಿ ಅನ್ನಿಕಾ ರಿಮಾಲ ೧೯೬೮ರಲ್ಲಿ ರೂಪಿಸಿದ ‘ಸಮಪಟ್ಟೆ’ ಎಂಬರ್ಥದ ತಾಸರೈತಾ ಅಂಗಿಯನ್ನು ಹೋಲಿಸಬಹುದು. ಗಂಡು, ಹೆಣ್ಣು, ಮಗು ಎಂಬ ಭೇದವಿಲ್ಲದೆ ಎಲ್ಲರಿಗೂ ಅದೇ ಅಂಗಿ. ಎರಡೂ ಪಟ್ಟೆಯ ಹತ್ತಿಯಂಗಿಗಳೇ. ಒಂದು ದುಡಿಯುವವನಿಂದ ಸಿರಿವಂತನ ಕಡೆಗೆ ಪಯಣಿಸಿ ಹೊಸ ಅರ್ಥವನ್ನು ಪಡೆಯಿತು. ಇನ್ನೊಂದು ಹುಟ್ಟುವಾಗಲೇ ಎಲ್ಲರದೆಂದು ಘೋಷಿಸಲ್ಪಟ್ಟಿತು. ವಸ್ತು ಒಂದಾದರೂ ಚರಿತ್ರೆ ಎರಡು.

ಮೂರನೆಯದಾಗಿ, ಉತ್ತರದಲ್ಲಿ ಆಡಂಬರವೇ ಇಲ್ಲವೆಂದು ನಾವು ಹೇಳುವುದಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹುಲ್ಡಾ ಗಾರ್ಬೊರ್ಗಳ ಪ್ರಚಾರದಿಂದ ನಾರ್ವೆಯಲ್ಲಿ ಪುನರುಜ್ಜೀವಿತವಾದ ಬೂನಾದ್ ಎಂಬ ಹಬ್ಬದ ಉಡುಪು ಕಸೂತಿಯಿಂದಲೂ ಬೆಳ್ಳಿಯಿಂದಲೂ ತುಂಬಿದೆ. ಆದರೆ ಅದು ತೊಟ್ಟವರ ಸಿರಿಗಿಂತ ಅವರ ಸೀಮೆಯನ್ನು ಹೇಳುವ ಉಡುಪು. ಆಡಂಬರವೂ ಅಲ್ಲಿ ಸಮುದಾಯದ ಸೊತ್ತೇ.

೭

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನವನ್ನು ಹೀಗೆ ಸಂಗ್ರಹಿಸಬಹುದು. ಫ್ರಾನ್ಸಿನಲ್ಲಿ ಸರಳತೆ ಕೌಶಲದ ಪರಾಕಾಷ್ಠೆಯೆಂದು, ವ್ಯಕ್ತಿಯ ಅಭಿರುಚಿಯೆಂದು ಭಾವಿತವಾಯಿತು. ಸ್ಕ್ಯಾಂಡಿನೇವಿಯದಲ್ಲಿ ಅದು ಮಿತವ್ಯಯವೆಂದು, ಅನಂತರ ಆರೋಗ್ಯವೆಂದು, ಕಡೆಗೆ ಸಮಾನತೆಯೆಂದು ಭಾವಿತವಾಯಿತು. ಮೊದಲನೆಯದನ್ನು ಉದ್ಯಮ ಬೆಳೆಸಿತು. ಎರಡನೆಯದನ್ನು ಅರಸೊತ್ತಿಗೆ, ಚರ್ಚು, ಸಂಘ, ಪ್ರದರ್ಶನಗಳು ಬೆಳೆಸಿದುವು.

ಆದರೆ ಎರಡು ಪರಂಪರೆಗಳಿಗೂ ಅನ್ವಯಿಸುವ ಒಂದು ಪ್ರಶ್ನೆ ಉಳಿಯುತ್ತದೆ. ಉಡುವವನ ಕಣ್ಣಿಗೆ ಸರಳವಾದುದು ನೇಯುವವನಿಗೂ ಹೊಲಿಯುವವನಿಗೂ ಸರಳವಾಗಿರುತ್ತದೆಯೇ? ೧೯೪೭ರಲ್ಲಿ ಸ್ವೀಡನ್ನಿನ ವೆಸ್ಟೆರೋಸ್ ಪಟ್ಟಣದಲ್ಲಿ ಹೆನ್ನೆಸ್ ಎಂಬ ಹೆಸರಿನ ಹೆಂಗಸರ ಬಟ್ಟೆಯಂಗಡಿ ಆರಂಭವಾಯಿತು. ೧೯೬೮ರಲ್ಲಿ ಮೌರಿಟ್ಸ್ ವಿಡ್‌ಫೋರ್ಸ್ ಎಂಬ ಅಂಗಡಿಯನ್ನು ಕೊಂಡು ತನ್ನ ಹೆಸರಿಗೆ ಸೇರಿಸಿಕೊಂಡ ಆ ಸಂಸ್ಥೆ ಇಂದು ಎಚ್ ಅಂಡ್ ಎಮ್ ಎಂದು ಜಗತ್ತಿಗೆಲ್ಲ ಪರಿಚಿತ. ಎಲ್ಲರಿಗೂ ಎಟುಕುವ ಬೆಲೆಗೆ ಉಡುಪು ಎಂಬ ಉತ್ತರದ ಆದರ್ಶ ಇಂಥ ಸಂಸ್ಥೆಗಳಲ್ಲಿ ವ್ಯಾಪಾರದ ರೂಪದಲ್ಲಿ ನೆರವೇರಿದೆ. ಹೊಲಿಗೆಯ ಬಹುಭಾಗ ನಡೆಯುವುದು ಏಷ್ಯದಲ್ಲಿ. ಅದರಲ್ಲಿ ಬಾಂಗ್ಲಾದೇಶ ಮುಖ್ಯವಾದುದು. ೨೦೧೩ರ ಏಪ್ರಿಲ್ ೨೪ರಂದು ಢಾಕಾದ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು, ಪಾಶ್ಚಾತ್ಯ ಮಾರುಕಟ್ಟೆಗಳಿಗೆ ಬಟ್ಟೆ ಹೊಲಿಯುತ್ತಿದ್ದ ೧,೧೦೦ಕ್ಕೂ ಹೆಚ್ಚು ಮಂದಿ ಮಡಿದರು. ಇದಾದ ಮೇಲೆಯೇ ಕಾರ್ಖಾನೆ ಕಟ್ಟಡಗಳ ಸುರಕ್ಷತೆಯ ಒಪ್ಪಂದಕ್ಕೆ ಎಚ್ ಅಂಡ್ ಎಮ್ ಮೊದಲಾದ ಯುರೋಪಿನ ಕಂಪನಿಗಳು ಸಹಿಹಾಕಿದುವು.

ಮರೀ ಆಂತ್ವಾನೆತಳ ಕಾಲದಲ್ಲಿ ಯುರೋಪಿಗೆ ನವಿರಾದ ಬಿಳಿ ಬಟ್ಟೆಯನ್ನು ನೇಯ್ದು ಕಳುಹಿಸುತ್ತಿದ್ದುದೂ ಇದೇ ಬಂಗಾಲ. ಆ ವಿವಾದದಲ್ಲಿ ರಾಣಿಯ ಮಾನದ ಚರ್ಚೆಯಾಯಿತು, ಲಿಯೋಂ ನೇಕಾರರ ಹೊಟ್ಟೆಪಾಡಿನ ಚರ್ಚೆಯಾಯಿತು. ಬಂಗಾಲದ ನೇಕಾರನನ್ನು ಯಾರೂ ಸ್ಮರಿಸಲಿಲ್ಲ. ಉಡುಪಿನ ಚರಿತ್ರೆಯನ್ನು ಅಧ್ಯಯನ ಮಾಡುವ ವಿದ್ಯಾರ್ಥಿಯು ಆಡಂಬರವನ್ನು ಕಂಡಾಗ ಅದರ ವೆಚ್ಚವನ್ನು ಯಾರು ಭರಿಸಿದರೆಂದು ತಪ್ಪದೆ ಕೇಳುತ್ತಾನೆ. ಸರಳತೆಯನ್ನು ಕಂಡಾಗಲೂ ಅದೇ ಪ್ರಶ್ನೆಯನ್ನು ಅಷ್ಟೇ ನಿಷ್ಠುರವಾಗಿ ಕೇಳುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.